ಇನ್ನೂರೈವತ್ತೈದಕ್ಕೆ ಉಳಿದದ್ದು

ಹೋದ ಶ್ರಾವಣದಲ್ಲಿ ನನಗೆ 10000 ವರ್ಷ ತುಂಬಿತು. ನಗಬೇಡಿ, ಹದಿನಾರನ್ನು ದ್ವಿಮಾನ ಪದ್ಧತಿಯಲ್ಲಿ ಬರೆದರೆ ಒಂದರ ಮುಂದೆ ನಾಲ್ಕು ಸೊನ್ನೆ. ಮನುಷ್ಯನಿಗೆ ಹತ್ತು ಬೆರಳಿವೆ ಎಂಬ ಒಂದೇ ಕಾರಣಕ್ಕೆ ಲೋಕವೆಲ್ಲ ಹತ್ತರ ಲೆಕ್ಕಕ್ಕೆ ಜೋತುಬಿದ್ದಿದೆ, ಬರೀ ಸೊನ್ನೆ ಮತ್ತು ಒಂದರಿಂದಲೂ ಸಕಲ ಸಂಖ್ಯೆಗಳನ್ನು ಬರೆಯಬಹುದು ಎಂದು ನಮ್ಮ ಹೊಸ ಗಣಿತದ ಪುಸ್ತಕ ಹೇಳಿದ ದಿನದಿಂದ ನನ್ನ ಕಾಲು ನೆಲಕ್ಕೆ ತಾಗಿರಲಿಲ್ಲ. ನಮ್ಮ ಲೆಕ್ಕದಲ್ಲಿ ಸ್ಥಾನಗಳು ಬಿಡಿ, ಹತ್ತು, ನೂರು ಎಂದು ಬೆಳೆದರೆ ಇಲ್ಲಿ ಒಂದು, ಎರಡು, ನಾಲ್ಕು, ಎಂಟು ಎಂದು ದುಪ್ಪಟ್ಟಾಗುತ್ತವೆ; ಗುಟ್ಟು ಇಷ್ಟೇ. ಗಡಹಿಂಗ್ಲಜದಲ್ಲಿರುವ ಅವ್ವನಿಗೆ, ಗಣಿತದಲ್ಲಿ 100011 ಅಂಕ ಬಂದಿವೆ ಎಂದು ಪತ್ರ ಬರೆದೆ. ಲಕ್ಷ ಅಂಕದ ಮಗನೆಂದು ಆಕೆ ಓಣಿಗೆಲ್ಲ ಸಕ್ಕರೆ ಹಂಚಿದಳು. ಮೂವತ್ತೈದು ಎಂದು ಬರೆದಿದ್ದರೆ ಸಕ್ಕರೆ ಡಬ್ಬಿಯಲ್ಲೇ ಉಳಿಯುತ್ತಿತ್ತು.

ಓದಲು ನಾನು ಇಚಲಕರಂಜಿಯಲ್ಲಿ ಭೀಮಪ್ಪ ಕಾಕಾನ ಮನೆಯಲ್ಲಿದ್ದೆ. ಕಾಕಾ ಮತ್ತು ಕಾಕು ಇಬ್ಬರೂ ಮಾಲಕರೊಬ್ಬರ ಪವರ್‌ಲೂಮಿನಲ್ಲಿ ನೇಯುತ್ತಿದ್ದರು. ಅವರ ಮಗ್ಗದ ನೆತ್ತಿಯ ಮೇಲೆ ಡಾಬಿ ಎಂಬ ಯಂತ್ರ. ಅದರಲ್ಲಿ ಮರದ ಪಟ್ಟಿಗಳ ಮಾಲೆ; ಪ್ರತಿ ಪಟ್ಟಿಯಲ್ಲಿ ಎಂಟು ತೂತು. ತೂತಿನಲ್ಲಿ ಗೂಟವಿದ್ದರೆ ಹಾಸಿನ ಉದ್ದ ಎಳೆಗಳ ಒಂದು ಗುಂಪು ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಮೊದಲ ಸಲ ಕಂಡಾಗ ನನ್ನ ಮೈ ಜುಮ್ಮೆಂದಿತು: ಗೂಟ ಒಂದು, ಖಾಲಿ ಸೊನ್ನೆ. ಅಕ್ಷರ ಬಾರದ ಕಾಕಾ ನನ್ನ ಪುಸ್ತಕ ಅಚ್ಚಾಗುವ ಎಷ್ಟೋ ಮೊದಲಿನಿಂದ ದ್ವಿಮಾನದಲ್ಲಿ ಚಾದರ ನೇಯುತ್ತಿದ್ದ.

ಕಾಕಾನ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ, ಬಂದಿತ್ತು. ಅದೇ ಹೊತ್ತಿಗೆ ಮಾಲಕರು ಹೊಸ ನಮೂನೆಯ ಚಾದರ ಕೇಳಿದ್ದರು. ಮುಂದಿನ ಗುರುವಾರ ತೋರಿಸದಿದ್ದರೆ ಮಗ್ಗ ಕೊರೋಚಿಯ ಇನ್ನೊಬ್ಬ ನೇಕಾರನಿಗೆ. ಕೆಂಪು ಹಾಸು, ಹಳದಿ ಅಡ್ಡ ಎಳೆ; ಕೆಂಪು ನೆಲದ ಮೇಲೆ ಓರೆ ಚೌಕದ ಹಳದಿ ಬರ್ಫಿಗಳ ನಮೂನೆ ಕಾಕಾನ ತಲೆಯಲ್ಲಿತ್ತು, ತಲೆ ಕೊಲ್ಹಾಪುರದ ಆಸ್ಪತ್ರೆಗೆ ಹೊರಟಿತ್ತು. ಮಗ್ಗದಲ್ಲಿ ಹಳೆಯ ಚಾದರ ಇನ್ನೂ ಓಡುತ್ತಿತ್ತು, ಮನೆಯಲ್ಲಿದ್ದದ್ದು ಎಂಟೇ ಬಿಡಿ ಪಟ್ಟಿ. ಕಾಕಾ ಬೆರಳಿನಿಂದಲೇ ತಡವಿ ಗೂಟ ಹೊಡೆಯುವುದು, ನಾನು ಬರೆದುಕೊಳ್ಳುವುದು, ಕಿತ್ತು ಮತ್ತೆ ಹೊಡೆಯುವುದು. ಹೀಗೆ ನಾಲ್ಕು ಸಲ, ಮೂವತ್ತೆರಡು ಪಟ್ಟಿ.

"ಸುಮ್ನ ಚುಕ್ಕಿ ಇಟ್ಟ ಬರಕೋ" ಎಂದಳು ಕಾಕು.

"ಚುಕ್ಕಿ ಯಾರ ಬೇಕಾದ್ರೂ ಇಡ್ತಾರ, ಕಾಕು. ನಾ ಪೂರಾ ಚಾದರ ಒಂದ ಬೀಡಿ ಕಟ್ಟಿನ ಕಾಗದದಾಗ ಹಿಡಸ್ತೇನಿ."

ಹಿಡಿಸಿದೆ. ಪಟ್ಟಿಗೊಂದು ಸಂಖ್ಯೆ. ಆದರೆ ಹೆಚ್ಚಿನ ಪಟ್ಟಿಗಳಲ್ಲಿ ಗೂಟ ಐದಾರು, ಖಾಲಿ ಎರಡು ಮೂರು. ಆರು ಸಂಖ್ಯೆ ಕೂಡಿಸುವುದಕ್ಕಿಂತ ಎರಡು ಕೂಡಿಸುವುದು ಹಗುರವಲ್ಲವೇ. ಎಂಟೂ ತುಂಬಿದರೆ ಇನ್ನೂರೈವತ್ತೈದು. ಹಾಗಾಗಿ ನಾಲ್ಕರ ಮತ್ತು ಮೂವತ್ತೆರಡರ ತೂತು ಖಾಲಿಯಿದ್ದ ಪಟ್ಟಿಗೆ ಆ ಖಾಲಿಯನ್ನೇ ಕೂಡಿಸಿ 36 ಎಂದು ಬರೆದುಕೊಂಡೆ, ಆಮೇಲೆ ಇನ್ನೂರೈವತ್ತೈದರಲ್ಲಿ ಕಳೆದು 219 ಮಾಡಿದರಾಯಿತು. ಆ 'ಆಮೇಲೆ' ಬರಲೇ ಇಲ್ಲ. ಓಣಿಯ ಹುಡುಗರು ತಮ್ಮ ವಯಸ್ಸು ಎಷ್ಟು ಸಾವಿರವೆಂದು ಕೇಳಲು ಬಂದಿದ್ದರು.

ಗುರುವಾರ ಬೆಳಿಗ್ಗೆ ಮಗ್ಗ ಖಾಲಿಯಾಯಿತು. ನಾನು ಸಂಖ್ಯೆ ಬಿಡಿಸಿ ಹೇಳಿದೆ, ಕಾಕು ಗೂಟ ಹೊಡೆದಳು, ಮಗ್ಗ ಗುಡುಗಿತು. ಮೊಳದುದ್ದ ನೇಯ್ದ ಮೇಲೆ ಆಕೆ ನಿಲ್ಲಿಸಿದಳು. ಚಾದರ ಹಳದಿ. ಅದರ ಮೇಲೆ ಸಣ್ಣ ಕೆಂಪು ಬರ್ಫಿ.

"ಶಾಣ್ಯಾ, ಏನೋ ಇದು?"

ಕಳೆಯುವುದನ್ನು ಮರೆತದ್ದು ಆಗ ನೆನಪಾಯಿತು. ಬಾಯಿ ಬಿಡುವಷ್ಟರಲ್ಲಿ ಹಾತಕಣಂಗಲೆ ಬಸ್ಸಿನಿಂದ ಇಳಿದ ಕಾಕಾ ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿದ್ದ, ಹಿಂದೆಯೇ ಬಿಳಿ ಧೋತರದ ಮಾಲಕರು.

"ಹೇ ಕಾಯ, ಏನಿದು ಭೀಮಪ್ಪಾ? ನಾ ಕೆಂಪ ಕೇಳಿದ್ದೆ. ಇದ ನೋಡಿದ್ರ ಅರಿಷಿಣ ಬಳದಂಗ ಐತಿ."

ಕಾಕಾನ ಉಳಿದ ಕಣ್ಣಿಗೆ ಬಣ್ಣ ಹತ್ತುತ್ತಿರಲಿಲ್ಲ. ಸ್ಟೂಲಿನ ಮೇಲೆ ನಿಂತು ಗೂಟದ ಮಾಲೆಯ ಮೇಲೆ ಬೆರಳಾಡಿಸಿದ; ನಾಲ್ಕು ಪಟ್ಟಿ ಮುಟ್ಟುವಷ್ಟರಲ್ಲಿ ಅವನ ಮುಖ ಸಡಿಲಾಯಿತು.

"ಉಲ್ಟಾ ನೇಯಾಕತ್ತಾರ್ರಿ ಮಾಲಕ್ರ. ಬಟ್ಟಿ ಮಾರಿ ಕೆಳಗ ಐತಿ. ಎತ್ತೂದ ಕಡಿಮಿ, ಮಗ್ಗಕ್ಕ ಭಾರ ಇಲ್ಲ, ಎಳೀನೂ ಹರಿಯಂಗಿಲ್ಲ. ಲೇ, ಕೆಳಗ ಹೋಗಿ ನೋಡ."

ಎಣ್ಣೆ ಜಿಡ್ಡಿನ ನೆಲದ ಮೇಲೆ ಅಂಗಾತ ಜಾರಿದೆ. ತಲೆಯ ಮೇಲೆ ಕೆಂಪು ಆಕಾಶ; ಅದರಲ್ಲಿ ಸಾಲುಸಾಲು ಹಳದಿ ಬರ್ಫಿ. ಮೇಲೆ ಏಳದ ಎಳೆ ಕೆಳಗೆ ಇರಲೇಬೇಕಲ್ಲ. ಮೇಲೆ 36 ಎಂದರೆ ಕೆಳಗೆ 219. ಯಾವ ಸಂಖ್ಯೆಯೂ ಒಂಟಿಯಲ್ಲ, ಇನ್ನೂರೈವತ್ತೈದಕ್ಕೆ ಉಳಿದದ್ದು ಅದೇ ಬಟ್ಟೆಯ ಇನ್ನೊಂದು ಮುಖ. ನಾನು ಮರೆತ ಆ ಕಳೆಯುವ ಲೆಕ್ಕವನ್ನು ಬಟ್ಟೆ ಒಂದೊಂದು ಎಳೆಗೂ ತಾನೇ ಮಾಡಿಕೊಂಡು ಬಂದಿತ್ತು. ಸೊನ್ನೆಗೆ ಮತ್ತು ಇನ್ನೂರೈವತ್ತೈದಕ್ಕೆ ಮಾತ್ರ ಬಟ್ಟೆಯಿಲ್ಲ; ಯಾವ ಎಳೆಯೂ ಏಳದಿದ್ದರೂ, ಎಲ್ಲವೂ ಎದ್ದರೂ, ಅಡ್ಡ ಎಳೆಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಪುಸ್ತಕದಲ್ಲಿ ಇದು ಇರಲಿಲ್ಲ. ಜಗತ್ತು ಹೀಗೆ ಹೆಣೆದುಕೊಂಡಿದೆಯೆಂದು ಯಾರೂ ನನಗೆ ಹೇಳಿರಲಿಲ್ಲ.

ಪಕ್ಕದಲ್ಲಿ ಮಾಲಕರ ಮುಖ ಬಂತು. ಧೋತರ ಎತ್ತಿ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದರು; ಅಂಚಿಗೆ ಅಂಗೈಯಗಲ ಎಣ್ಣೆ. ಬೆರಳಿನಿಂದ ಒಂದೊಂದೇ ಬರ್ಫಿ ಮುಟ್ಟಿ ನೋಡಿದರು.

"ಬರೋಬರ ಐತಿ. ಮಗ್ಗ ನಿಮ್ಮ ಕಡೇನ ಇರ್ಲಿ" ಎಂದು ಎದ್ದು ಹೋದರು. ಕಾಕು ಉಸಿರು ಬಿಟ್ಟದ್ದು ಕೆಳಗಿದ್ದ ನನಗೂ ಕೇಳಿಸಿತು.

"ಉಲ್ಟಾ ಬರ್ಕೋ ಅಂತ ನಿನಗ ಯಾರ ಹೇಳಿದ್ರು?" ಕಾಕಾನ ದನಿ ಮೇಲಿನಿಂದ ಬಂತು.

ಎಂತೆಂಥ ಉತ್ತರಗಳು ನಾಲಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು. "ಕಳಿಯೂದ ಮರತೆ, ಕಾಕಾ" ಎಂದೆ.

ಅವನು ನಕ್ಕನೋ ಇಲ್ಲವೋ ಗೊತ್ತಾಗಲಿಲ್ಲ. "ಆತು. ಹೆಂಗ ಕಾಣ್ತೈತಿ ಹೇಳ. ಒಂದಕ್ಕ ಹತ್ತ ಮಾಡಬ್ಯಾಡ."

"ಕೆಂಪ ಐತಿ. ಹಳದಿ ಬರ್ಫಿ ಅದಾವು. ಎಲ್ಲೂ ಎಳಿ ತಪ್ಪಿಲ್ಲ."

"ಅಷ್ಟ?"

"ಅಷ್ಟ, ಕಾಕಾ."

ಮೇಲಿನಿಂದ ಅವನು ಅಂಗೈ ಊರಿದ ಜಾಗ ಬಟ್ಟೆಯಲ್ಲಿ ತುಸು ತಗ್ಗಾಗಿ ಕಂಡಿತು. ಕೆಳಗಿನಿಂದ ನಾನೂ ಅಲ್ಲಿಗೇ ಕೈ ಹಚ್ಚಿದೆ.