ದಕ್ಕೆ ಮನೆಯ ಜಲ್ಲೆ

ಬೆಳಿಗ್ಗೆಯಿಂದ ನನ್ನ ಕೈಗೆ ಗೇರೆಣ್ಣೆಯ ವಾಸನೆ. ಗೇರುಬೀಜದ ಸಿಪ್ಪೆಯಿಂದ ತೆಗೆದ ಆ ಕಪ್ಪು ಎಣ್ಣೆ ಒಮ್ಮೆ ಹಿಡಿದರೆ ಸೋಪಿಗೂ ಬಗ್ಗದು, ಹುಣಸೆಹುಳಿಗೂ ಬಗ್ಗದು. ಹೊಸ ಜಲ್ಲೆಗೆ, ಅಂದರೆ ಹೊಳೆಯ ತಳಕ್ಕೆ ಊರಿ ದೋಣಿ ತಳ್ಳುವ ಉದ್ದದ ಬಿದಿರಿಗೆ, ಅದನ್ನು ಬಳಿಯುತ್ತ ಕೂತಿದ್ದೆ. ಹೆಂಡತಿ ಕಾಫಿ ತಂದಿಟ್ಟು, "ಆ ಕೈಯಗೆ ನನ್ ಲೋಟ ಮುಟ್ಬೇಡಿ, ಬಾಳಿ ಎಲಿ ಸುತ್ತಿ ಹಿಡ್ಕಣಿ" ಅಂದಳು. ಹಾಗೇ ಹಿಡಿದು ಕುಡಿದೆ. ಕಾಫಿಗೂ ಅದೇ ವಾಸನೆ. ಅದರ ಜೊತೆಗೆ ಈ ಕುದ್ರುವಿನಲ್ಲಿ ಕಳೆದ ಮೊದಲ ಬೆಳಗೂ ನೆನಪಿಗೆ ಬಂತು.

ಕುದ್ರು ಅಂದರೆ ನಿಮಗೆ ಗೊತ್ತಲ್ಲ. ಹೊಳೆ ಸಮುದ್ರಕ್ಕೆ ಸೇರುವ ಮುಂಚೆ ಎರಡು ಕವಲಾಗಿ, ನಡುವೆ ಬಿಟ್ಟುಹೋದ ತುಂಡು ನೆಲ. ನಮ್ಮದಕ್ಕೆ ಸೇತುವೆ ಇಲ್ಲ. ತೆಂಗು, ಒಂದಿಷ್ಟು ಗದ್ದೆ, ಬೆರಳೆಣಿಕೆಯ ಮನೆಗಳು, ಊರಿಗೆಲ್ಲ ಸೇರಿ ಒಂದು ದೋಣಿ.

ನಾನು ನಾವುಂದದಿಂದ ಕುಂದಾಪುರಕ್ಕೆ ಸೈಕಲ್ಲಿನಲ್ಲಿ ತೆಂಗಿನಕಾಯಿ ಹೊತ್ತು ವ್ಯಾಪಾರ ಕಲಿತವನು. ಕಾಯಿಯನ್ನು ಕಿವಿಯ ಹತ್ತಿರ ಕುಲುಕಿದರೆ ಅದರ ಬಣ್ಣ ಹೇಳುತ್ತೇನೆ. ಮನುಷ್ಯನ ಜೊತೆ ಒಂದು ಚಾ ಕುಡಿದರೆ ಅವನ ಬಣ್ಣವನ್ನೂ ಹೇಳುತ್ತೇನೆ. ಹಾಗಂತ ನಂಬಿಕೊಂಡಿದ್ದೆ. ಜನರೆಲ್ಲ ಮರವಂತೆಯ ಹೆದ್ದಾರಿ ಬದಿಯ ಜಾಗಕ್ಕೆ ಮುಗಿಬಿದ್ದಾಗ ನಾನು ಕುದ್ರುವಿನ ಕಡೆ ನೋಡಿದೆ. ದುಡ್ಡು ಹಾಕುವವರಿಗೆ ನನ್ನದೊಂದು ಮಾತಿದೆ, ಬೇಕಾದರೆ ಬರೆದಿಟ್ಟುಕೊಳ್ಳಿ: ಊರೆಲ್ಲ ಓಡುವ ಕಡೆ ಓಡಬೇಡಿ, ಊರೆಲ್ಲ ಬಿಟ್ಟದ್ದನ್ನು ನಿಂತು ನೋಡಿ. ಇನ್ನೊಂದು, ಪೇಟೆಯಲ್ಲಿ ರಸ್ತೆ ಬದಿಗೆ ಬೆಲೆ, ಹೊಳೆಯಲ್ಲಿ ದಕ್ಕೆಗೆ ಬೆಲೆ. ದೋಣಿ ಬಂದು ನಿಲ್ಲುವ ಆ ದಕ್ಕೆಯ ಪಕ್ಕದ ಮನೆಯೇ ಮಾರಾಟಕ್ಕಿದೆಯೆಂದು ಕೇಳಿದಾಗ, ಈ ಕುದ್ರುವಿನವರಿಗೆ ವ್ಯಾಪಾರ ತಿಳಿಯದು ಎಂದು ಒಳಗೊಳಗೇ ನಕ್ಕಿದ್ದೆ. ಅಲ್ಲಿ ಎರಡು ಕೋಣೆ ಕಟ್ಟಿ ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವುದು ನನ್ನ ಯೋಜನೆ. ಸೈಕಲ್ಲಿನಿಂದ ಕೂಡಿಟ್ಟದ್ದೆಲ್ಲ ಅದಕ್ಕೇ ಹೋಗುವುದಿತ್ತು.

ಮನೆ ಗಿರಿಜಕ್ಕನದು. ಎಲೆಯಡಿಕೆ ಹಾಕಿದ ಬಾಯಿ, ಗಟ್ಟಿ ತೋಳು. ಕುದ್ರುವಿನ ಒಳಗೆ ತಂಗಿಯ ಮನೆಯ ಹತ್ತಿರ ಚಿಕ್ಕದೊಂದು ಮನೆ ಮಾಡಿಕೊಳ್ಳುತ್ತೇನೆ ಅಂದರು.

"ಗಾಳಿ ಕಾಣಿ ಮರ್ರೆ, ಫ್ಯಾನ್ ಬ್ಯಾಡ. ಕೂಕಂಡಲ್ಲೇ ಹೊಳಿ ಕಾಂತ್ತ್."

ನಾನು ಗಾಳಿಗೆ ಮರುಳಾಗುವ ಆಸಾಮಿಯಲ್ಲ. ರಸ್ತೆ ಇಲ್ಲ, ಬಾವಿ ದೂರ, ದಂಡೆ ಕುಸಿಯುತ್ತದೆ, ಹಂಚು ಹಳತು ಎಂದು ಒಂದೊಂದೇ ತಪ್ಪು ತೆಗೆದೆ. "ಹೌದ್ ಮರ್ರೆ, ಹೌದ್" ಎಂದು ಪ್ರತಿಯೊಂದಕ್ಕೂ ತಲೆಯಾಡಿಸಿದರು. ಕೊನೆಗೆ ನಾನೇ ನಾಚುವಷ್ಟು ಕೆಳಗಿನ ಬೆಲೆ ಹೇಳಿದೆ.

"ಆಯ್ತ್, ನೀವ್ ಹೇಳಿದ್ದೇ ಇರ್ಲಿ."

ಮಾರುವವರು ಇಷ್ಟು ಬೇಗ ಒಪ್ಪಿದರೆ ಹೆದರಬೇಕು. ಇದೂ ನನ್ನದೇ ಮಾತು. ಆದರೆ ಅದನ್ನು ಕಲಿತದ್ದು ಆಮೇಲೆ.

ಒಕ್ಕಲಾದ ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಕಾಲು ಚಾಚಿ ಚಾ ಕುಡಿಯುತ್ತಿದ್ದೆ. ಆಚೆ ದಡದಿಂದ ಕೂಗು ಬಂತು. "ಹ್ವಾಯ್... ದಕ್ಕಿ ಮನಿಯವ್ರೇ..." ಯಾರೋ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡೆ. ಕೂಗು ನಿಲ್ಲಲಿಲ್ಲ. ಅಷ್ಟರಲ್ಲಿ ಗಿರಿಜಕ್ಕ ಅಂಗಳಕ್ಕೆ ಬಂದರು.

"ಕಿವಿ ಸಮ ಇತ್ತಲ್ದಾ ನಿಮ್ದ್? ನಿಮ್ಮನ್ನೇ ಕರೂದ್ ಅದ್."

"ನನ್ನನ್ನಾ? ಎಂತಕೆ?"

"ಕೂಗ್ ಯಾರಿಗ್ ಮೊದ್ಲ್ ಕೇಂತೋ ಅವ್ರ್ ದೋಣಿ ತಕಂಡ್ ಹೋಯ್ಕ್. ದಕ್ಕಿ ಮನಿಗೆ ಮೊದ್ಲ್ ಕೇಂತ್ತ್. ನನ್ ಅತ್ತಿ ಕಾಲದಿಂದ್ಲೂ ಹಾಂಗೇ."

"ಮಾರೂವಾಗ ಇದ್ ಹೇಳ್ಲಿಲ್ಲ ನೀವ್."

"ಕೇಂಬುಕೆ ನಿಮ್ಗೆ ಪುರ್ಸೊತ್ತ್ ಎಲ್ಲಿತ್ತ್? ರಸ್ತಿ ಇಲ್ಲ, ಬಾವಿ ದೂರ ಅಂದೇಳಿ ನೀವೇ ಮಾತಾಡ್ತಾ ಇದ್ರಿ." ಜಗಲಿಯ ಮೂಲೆಗೆ ಒರಗಿಸಿದ್ದ ಹಳೆಯ ಜಲ್ಲೆಯನ್ನು ತೆಗೆದು ನನ್ನ ಕೈಗಿಟ್ಟರು. "ತಕಣಿ. ಇದ್ ಜಾಗದೊಟ್ಟಿಗೆ ಬಪ್ಪುದ್."

ದಕ್ಕೆಯ ಮನೆ ಇಷ್ಟು ಕಾಲ ಯಾರಿಗೂ ಯಾಕೆ ಬೇಡವಾಗಿತ್ತೆಂದು ಆಗ ಹೊಳೆಯಿತು. ಇಡೀ ಕುದ್ರು ನನ್ನಂಥ ಜಾಣನೊಬ್ಬನಿಗೆ ಕಾಯುತ್ತಿತ್ತು.

ದೋಣಿ ಹತ್ತಿದೆ. ಅದು ಮುಂದೆ ಹೋಗಲಿಲ್ಲ, ಇದ್ದಲ್ಲೇ ಸುತ್ತಿತು. ಆಚೆ ದಡದಲ್ಲಿ ಮೀನಿನ ಬುಟ್ಟಿ ಹಿಡಿದು ನಿಂತಿದ್ದವಳು ಸಕ್ಕು. ಕುದ್ರುವಿಗೆಲ್ಲ ಮೀನು ಮಾರುವವಳು.

"ಸಾವ್ಕಾರ್ರೇ, ಗಾಣ ತಿರ್ಗೂ ಹಾಂಗೆ ತಿರ್ಗ್ತ್ರಲೇ. ಹೊಳಿಯಗೆ ಎಣ್ಣಿ ತೆಗಿತ್ರ್ಯಾ?"

ಇದರಿಂದ ತಪ್ಪಿಸಿಕೊಳ್ಳಲು ನನಗೆ ತಿಳಿದ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಸಂಬಳ ಕೊಡುತ್ತೇನೆ, ಯಾರಾದರೂ ಬನ್ನಿ ಎಂದೆ. "ಕೂಗಿಗ್ ಸಂಬ್ಳ ತಕಂಡ್ರೆ ನಾಳೆ ನಾವ್ ಕೂಗುಕೆ ಯಾವ್ ಬಾಯಿ?" ಅಂದರು ಕುದ್ರುವಿನವರು. ದೋಣಿಯ ಸಮಯವೆಂದು ಬೋರ್ಡು ಬರೆಸಿ ಆಚೆ ದಡದಲ್ಲಿ ನೆಟ್ಟೆ. ಮರುದಿನ ಅದರ ಮೇಲೆ ಯಾರೋ ಬಲೆ ಒಣಗಿಸಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಅಂಗಿ ತೊಡಲು ತೋಳು ಏಳದು. ಕೋಣೆಗಳೇನೋ ಎದ್ದವು, ಆದರೆ ನನ್ನ ಹುರುಪು ಕೂತಿತ್ತು. ಒಳ್ಳೆಯ ಗಿರಾಕಿ ಸಿಕ್ಕರೆ ಮಾರಿ ಪೇಟೆಗೆ ವಾಪಸು ಹೋಗುವುದೆಂದು ಹೆಂಡತಿಗೂ ಹೇಳಿ, ತ್ರಾಸಿಯ ದಲ್ಲಾಳಿಗೂ ಹೇಳಿದೆ.

ದಲ್ಲಾಳಿಗಳು ನಿಧಾನದವರು. ಅದು ನನ್ನ ಪುಣ್ಯ. ಅವನು ಗಿರಾಕಿ ಹುಡುಕುವಷ್ಟರಲ್ಲಿ ನನ್ನ ತೋಳಿಗೆ ಹೊಳೆಯ ಹದ ಸಿಕ್ಕಿತು. ಇಳಿತಕ್ಕೆ ಎಲ್ಲಿ ಊರಬೇಕು, ಉಬ್ಬರಕ್ಕೆ ಎಲ್ಲಿ ಸುಮ್ಮನೆ ಬಿಡಬೇಕು ಎಂಬುದೆಲ್ಲ. ಕೂಗಿನಲ್ಲೇ ಆಳು ಗೊತ್ತಾಗತೊಡಗಿತು. ಸಕ್ಕುವಿನ ಕೂಗು ಬಂಗುಡೆ ಸಿಕ್ಕ ದಿನ ಗಟ್ಟಿ, ಬುಟ್ಟಿ ಬರಿದಾದ ದಿನ ಮೆತ್ತಗೆ. ಮದುವೆಗೆ ಹೋಗಿ ಬಂದವರದು ಹೋಳಿಗೆಯಷ್ಟೇ ಭಾರ. ಪೇಟೆಯ ಸುದ್ದಿ ಪೇಪರಿಗಿಂತ ಮುಂಚೆ ನನಗೆ, ಅದೂ ದೋಣಿಯಲ್ಲಿ ಕೂತವರು ತಾವಾಗಿ ಕೊಟ್ಟದ್ದು. ಸಂಜೆ ಬಂದರೆ ಮೆಟ್ಟಿಲ ಮೇಲೆ ಒಮ್ಮೆ ಕೆಸುವಿನ ಎಲೆ, ಒಮ್ಮೆ ಎಲೆಯಲ್ಲಿ ಸುತ್ತಿದ ಮರುವಾಯಿ, ಅಂದರೆ ಹೊಳೆಯ ಚಿಪ್ಪುಮೀನು. ಇಟ್ಟವರು ಯಾರೆಂದು ಗೊತ್ತಿಲ್ಲ, ಕೇಳುವುದೂ ಪದ್ಧತಿಯಲ್ಲ. ಪೇಟೆಯ ಅಂಗಡಿಗೆ ಬಂದವರೆಲ್ಲ ಕೊಳ್ಳಲು ಬಂದವರೇ. ಇಲ್ಲಿ ನನ್ನ ಮೆಟ್ಟಿಲಿಗೆ ಬರುವವರಿಗೆ ಕೊಳ್ಳುವುದು ಏನೂ ಇಲ್ಲ. ಕೋಣೆಗೆ ಬಂದ ಪ್ರವಾಸಿಗಳೂ ಕೋಣೆಗಿಂತ ದೋಣಿಯನ್ನೇ ಹೊಗಳಿದರು.

ಆಗ ಬಂದರು ಗಿರಾಕಿ. ಆಚೆ ದಡದಲ್ಲಿ ಚಪ್ಪಾಳೆ ತಟ್ಟಿ "ಹಲೋ, ಬೋಟ್" ಎಂದು ಕರೆದರು. ಬ್ರಹ್ಮಾವರದ ಟೈಲ್ಸ್ ವ್ಯಾಪಾರಿ. ಜಗಲಿಯಲ್ಲಿ ಕೂತು, ರಸ್ತೆ ಇಲ್ಲ, ಬಾವಿ ದೂರ ಎಂದು ಶುರು ಮಾಡಿದರು. ನನ್ನ ರಾಗ, ನನ್ನದೇ ತಾಳ. ಗಿರಿಜಕ್ಕ ಮೆಟ್ಟಿಲ ಮೇಲೆ ಎಲೆ ಜಗಿಯುತ್ತ ಕೂತಿದ್ದರು. ಕೊನೆಗೆ ವ್ಯಾಪಾರಿ ಹೇಳಿದ ಬೆಲೆ ನಾನು ಮನಸ್ಸಿನಲ್ಲಿ ಇಟ್ಟುಕೊಂಡದ್ದಕ್ಕಿಂತ ಮೇಲಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಆಚೆಯಿಂದ ಸಕ್ಕುವಿನ ಕೂಗು.

ವ್ಯಾಪಾರದ ನಡುವೆ ನಾನು ಎದ್ದುಹೋದದ್ದು ಬಾಳಿನಲ್ಲಿ ಅದೊಂದೇ ಸಲ. ಕಾಲು ತಾನಾಗಿ ದೋಣಿಗೆ ನಡೆಯಿತು.

"ಯಾರದ್, ಜಾಗ ಕಾಂಬುಕೆ ಬಂದದ್ದಾ?" ಸಕ್ಕು ಬುಟ್ಟಿ ಇಳಿಸಿ ಕೇಳಿದಳು. ನಾನು ಹೂಂ ಅಂದೆ. ಅರ್ಧ ಹೊಳೆ ದಾಟುವವರೆಗೆ ಬುಟ್ಟಿಯ ಮೀನಿಗೆ ನೀರು ಚಿಮುಕಿಸಿದಳು. ಆಮೇಲೆ, "ಹಾಂಗಾರೆ ನಾಳೆ ನಾವ್ ಯಾರನ್ನ ಕರೂದ್?" ಅಂದಳು.

ಅದಕ್ಕೆ ನನ್ನಲ್ಲಿ ಬೆಲೆ ಇರಲಿಲ್ಲ. ಜಗಲಿಗೆ ಬಂದು, ಜಾಗ ಕೊಡುವುದಿಲ್ಲ ಎಂದೆ. ವ್ಯಾಪಾರಿ ಬೆಲೆ ಏರಿಸಿದರು. ಏರಿದ ಬೆಲೆ ಕೇಳಿ ನನಗೆ ನಗು ಬಂತು.

"ಬೇಸರ ಮಾಡ್ಕಣ್ಬೇಡಿ. ಒಳಗೆ ಗದ್ದಿ ಬದಿಗೆ ಒಂದ್ ಮನಿ ಇತ್ತ್. ಅಲ್ಲಿಗೆ ಕೂಗ್ ಕೇಂತಿಲ್ಲ, ಒಳ್ಳೆ ನಿದ್ದಿ. ಗಟ್ಟಿ ಚೌಕಾಶಿ ಮಾಡಿ, ಅವ್ರ್ ಬೇಗ ಒಪ್ತ್ರ್" ಅಂದೆ.

ಗಿರಿಜಕ್ಕ ಎಲೆಯಡಿಕೆ ಉಗುಳಲು ಆಚೆ ಹೋದರು. ನಗುವಿಗೆ ಬೆನ್ನು ಕುಲುಕುತ್ತಿತ್ತು. ಉಬ್ಬರದ ಹೊತ್ತಿಗೆ ಉಪ್ಪುನೀರು ಗದ್ದೆಗೆ ನುಗ್ಗದಂತೆ ತೂಬಿಗೆ ಹಲಗೆ ಇಳಿಸುವುದು, ಇಳಿತಕ್ಕೆ ಎತ್ತುವುದು ಗದ್ದೆ ಬದಿಯ ಮನೆಯವರ ಪಾಲು. ಅದೂ ಯಾರದೋ ಅತ್ತೆಯ ಕಾಲದಿಂದ.

ಗೇರೆಣ್ಣೆ ಇನ್ನೂ ಒಣಗಿರಲಿಲ್ಲ, ಅಷ್ಟರಲ್ಲಿ ಇವತ್ತಿನ ಮೊದಲ ಕೂಗು ಬಂತು. "ಹ್ವಾಯ್, ದಕ್ಕೆ ಮನೆಯವ್ರೇ..." ಗಂಟಲು ಹೊಸದು, ಎಳೆತ ಸ್ವಲ್ಪ ಗಿಡ್ಡ. ಅಂಟುವ ಜಲ್ಲೆಯನ್ನೇ ಹಿಡಿದು ಹೋದೆ. ಟೈಲ್ಸ್ ವ್ಯಾಪಾರಿ, ಟ್ರಂಕು, ಚಾಪೆ, ಒಂದು ತುಳಸಿ ಗಿಡದ ಸಮೇತ. ಗದ್ದೆ ಬದಿಯ ಮನೆ ಒಳ್ಳೆಯ ಬೆಲೆಗೆ ಮುಗಿಯಿತು ಎಂದು ಖುಷಿಯಲ್ಲಿದ್ದರು.

"ಒಂದು ಮಾತು. ಜಗಲಿಯ ಮೂಲೆಯಲ್ಲಿ ಯಾರೋ ಹಲಗೆ ಬಿಟ್ಟುಹೋಗಿದ್ದಾರಲ್ಲ, ಎಂತದು ಅದು?"

ನಾನು ಜಲ್ಲೆಯನ್ನು ಆಳಕ್ಕೆ ಊರಿ ದೋಣಿಯನ್ನು ಕುದ್ರುವಿನ ಕಡೆ ತಿರುಗಿಸಿದೆ.

"ಬಿಟ್ಟ್ ಹೋದ್ದಲ್ಲ ಮರ್ರೆ. ಅದ್ ಜಾಗದೊಟ್ಟಿಗೆ ಬಪ್ಪುದ್."