ಯಮನಪ್ಪನ ಕಿವಿ ಮತ್ತು ಎರಡು ಎಂಜಿನ್ನು

ನೀಲಕಂಠಪ್ಪ ಸಾವಕಾರರ ಹತ್ತಿ ಅಂಗಡಿಯಲ್ಲಿ ನಾನು ಗುಮಾಸ್ತ, ಯಮನಪ್ಪ ಡ್ರೈವರ್. ಹಳ್ಳಿಗಳಿಗೆ ಹತ್ತಿ ನೋಡಲು ಹೊರಟರೆ ಅವನ ಪಕ್ಕದ ಸೀಟು ನನ್ನದು. ಹಾಗಾಗಿ ಅವನಿಗೆ ಕಿವಿ ಮಂದವಾಗಿದೆ ಎಂಬುದು ಮೊದಲು ಗೊತ್ತಾದದ್ದು ನನಗೆ. ಅದನ್ನು ಸಾವಕಾರರಿಗೆ ಹೋಗಿ ಊದಿದವನೂ ನಾನೇ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅರವತ್ತೊಂದನೇ ಇಸವಿಯ ಮಾತು. ಆಗಿದ್ದದ್ದು ಪೆಟ್ರೋಲ್ ಎಂಜಿನ್ನಿನ ಹಳೆಯ ದೊಡ್ಡ ಕಾರು. ಮುಟ್ಟಿದರೆ ಹೊರಡುತ್ತಿತ್ತು, ತುಳಿದರೆ ಜಿಗಿಯುತ್ತಿತ್ತು, ಸದ್ದು ಮಾತ್ರ ಅಷ್ಟಕ್ಕಷ್ಟೆ. ಡ್ರೈವರ್ ಆದವನು ಆ ಸಣ್ಣ ಸದ್ದಿಗೇ ಕಿವಿಗೊಟ್ಟು ಗೇರು ಬದಲಿಸಬೇಕು. ಹರೆಯದ ಹನ್ನೆರಡು ವರ್ಷ ಹತ್ತಿ ಗಿರಣಿಯ ಯಂತ್ರದ ಮಗ್ಗುಲಲ್ಲಿ ನಿಂತು ಬಂದ ಯಮನಪ್ಪನಿಗೆ ಅದು ಕೇಳಿಸುತ್ತಿರಲಿಲ್ಲ. ಗೇರು ಕರಕರ ಎನ್ನುತ್ತಿತ್ತು, ಏರಿನಲ್ಲಿ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತಿತ್ತು. ಸಾವಕಾರರದೋ ಮೆಲುದನಿ. ಪೇಟೆಯ ರೂಢಿಯಂತೆ ಹೆಗಲ ಮೇಲಿನ ಬಟ್ಟೆ, ವಲ್ಲಿಯ ಕೆಳಗೆ ಎದುರಿನವನ ಕೈಗೆ ಬೆರಳು ಒತ್ತಿ ದರ ಹೇಳುವ ಮನುಷ್ಯನಿಗೆ ಗಂಟಲು ಯಾಕೆ ಬೇಕು? ಒಮ್ಮೆ ಬೆಂಗೇರಿಗೆ ಹೊರಳಿಸು ಎಂದರೆ ಇವನು ಶಿರಗುಪ್ಪಿಯ ಹಾದಿ ಹಿಡಿದ. ಅವತ್ತೇ ನಾನು ಚಾಡಿ ಹೇಳಿದೆ. ಯಮನಪ್ಪನ ಮನೆಯ ಐದು ಹೊಟ್ಟೆ ಆ ಕೆಲಸದ ಮೇಲೆ ನಿಂತಿವೆ ಎಂಬುದು ನನಗೆ ಗೊತ್ತಿತ್ತು.

ಸಾವಕಾರರು ಹೂಂ ಎಂದರು, ಅಷ್ಟೆ. ತಿಂಗಳೊಪ್ಪತ್ತಿನಲ್ಲಿ ಕಾರು ಅಲ್ಲಾವುದ್ದೀನ ಮಿಸ್ತ್ರಿಯ ಗ್ಯಾರೇಜಿಗೆ ಹೋಗಿ ಡೀಸೆಲ್ ಎಂಜಿನ್ ಹಾಕಿಸಿಕೊಂಡು ಬಂತು. ಡೀಸೆಲ್ ಅಗ್ಗ, ಸಾವಕಾರರು ಖರ್ಚು ಉಳಿಸಿದರು ಎಂದು ಊರು ಆಡಿಕೊಂಡಿತು.

ಚಳಿಗಾಲದ ಬೆಳಿಗ್ಗೆ ಆ ಎಂಜಿನ್ ಬಿಸಿಯಾಗದೆ ಏಳುತ್ತಿರಲಿಲ್ಲ. ಎದ್ದರೆ ಇಡೀ ಓಣಿಯನ್ನೇ ಎಬ್ಬಿಸುತ್ತಿತ್ತು. ಓಟದಲ್ಲಿ ಸೋಮಾರಿ. ಆದರೆ ಎರೆಮಣ್ಣಿನ ರಾಡಿಯಲ್ಲಿ, ಐದು ಜನ ಕುಳಿತಿದ್ದರೂ, ಮುದಿ ಎತ್ತಿನ ಹಾಗೆ ಅವಸರವಿಲ್ಲದೆ ಎಳೆಯುತ್ತಿತ್ತು. ಅದರ ನಡುಕ ಗೇರಿನ ಹಿಡಿಯಿಂದ ಯಮನಪ್ಪನ ಅಂಗೈಗೆ ಮುಟ್ಟುತ್ತಿತ್ತು. ಕಿವಿಯ ಕೆಲಸವನ್ನು ಕೈ ಮಾಡಿತು, ಗೇರಿನ ಕರಕರ ನಿಂತಿತು. ಆ ಗದ್ದಲದಲ್ಲಿ ಸಾವಕಾರರೂ ಕೂಗಿಯೇ ಮಾತಾಡಬೇಕು, ನಾನೂ ಕೂಗಬೇಕು. ಯಾರು ಕಿವುಡರು ಎಂದು ಯಾರಿಗೆ ಗೊತ್ತಾಗಬೇಕು? ಬೇರೆ ಡ್ರೈವರುಗಳು ಲಾರಿ ಓಡಿಸುತ್ತೀಯಾ ಎಂದು ಕಾಡಿದರೆ ಅವನು ನಗುತ್ತಿದ್ದ.

ಅರವತ್ತೈದರಲ್ಲಿ ಸಾವಕಾರರ ಹೆಂಡತಿ ಶಿವಲಿಂಗವ್ವನವರ ಸೊಂಟ ಆ ನಡುಕಕ್ಕೆ ಸೋತಿತು. ಹೊಸ ಪೆಟ್ರೋಲ್ ಕಾರು ಬಂತು. ಪೂಜೆ ಮುಗಿದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಯಮನಪ್ಪ ಗಾಡಿ ಹತ್ತಲಿಲ್ಲ. ಒಳಗೆ ಬಂದು ಕೀಲಿಯನ್ನು ಸಾವಕಾರರ ಗಾದಿಯ ಮೇಲಿಟ್ಟ.

“ಈ ಗಾಡಿ ನನ್ನ ಕಡಿಂದ ಆಗೂದಿಲ್ಲರಿ. ನನಗ ಕಿವಿ ಕೇಳಸೂದಿಲ್ಲ. ಇಷ್ಟ ದಿನಾ ಮುಚ್ಚಿಟ್ಟಿದ್ದೆ, ತಪ್ಪಾತು.”

ಸಾವಕಾರರು ಎದ್ದು ಅವನ ಕಿವಿಯ ಹತ್ತಿರ ಬಾಯಿಟ್ಟರು.

“ನಾಕ ವರ್ಷದಿಂದ ನನಗ ಗೊತ್ತೈತಿ. ಇಲ್ಲಂದ್ರ ಛಲೋ ಪೆಟ್ರೋಲ್ ಎಂಜಿನ್ ಯಾಕ ತಗಸ್ತಿದ್ದೆ?”

ಸಾವಕಾರರು ವಲ್ಲಿ ತೆಗೆದು, ದರ ಮಾತಾಡುವ ಹಾಗೆಯೇ, ಅದರ ಕೆಳಗೆ ಯಮನಪ್ಪನ ಕೈ ಹಿಡಿದರು. ಒಂದು ಬೆರಳು ಒತ್ತಿದರೆ ಎಡಕ್ಕೆ, ಎರಡಾದರೆ ಬಲಕ್ಕೆ, ಇಡೀ ಹಸ್ತ ಇಟ್ಟರೆ ನಿಲ್ಲಿಸು ಎಂದು ಕಲಿಸಿದರು. ಎಷ್ಟು ವೇಗಕ್ಕೆ ಯಾವ ಗೇರು ಎಂದು ಅಲ್ಲಾವುದ್ದೀನ ಮೀಟರಿನ ಗಾಜಿನ ಮೇಲೆ ಕೆಂಪು ಗೆರೆ ಎಳೆದುಕೊಟ್ಟ. ಹಿಂದಿನಿಂದ ಹಾರ್ನ್ ಕೇಳಿದರೆ ಅವನ ತೋಳು ತಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಚಾಡಿ ಹೇಳಿದವನಿಗೆ ಅಷ್ಟಾದರೂ ಬೇಕಿತ್ತು.

ಮರುದಿನ ಸಾವಕಾರರು ಡ್ರೈವರ್ ಸೀಟಿನ ಹಿಂದೆಯೇ ಕುಳಿತರು. ಗಾಡಿ ಸದ್ದಿಲ್ಲದೆ ಹೊರಟಿತು. ಭುಜದ ಮೇಲೆ ಬೆರಳು ಒತ್ತಿದಂತೆ ಎಡ, ಬಲ, ಮತ್ತೆ ಎಡ. ದುರ್ಗದಬೈಲಿನ ಸಂದಣಿಯಲ್ಲೂ ಗೇರು ಒಮ್ಮೆಯೂ ಕರಕರ ಎನ್ನಲಿಲ್ಲ. ಅಂಗಡಿ ಬಂದಾಗ ಸಾವಕಾರರು ಯಮನಪ್ಪನ ಭುಜದ ಮೇಲೆ ಇಡೀ ಹಸ್ತ ಇಟ್ಟರು, ಗಾಡಿ ನಿಂತಿತು. ನಾನು ಇಳಿದು ಹಿಂದಿನ ಬಾಗಿಲು ತೆಗೆದೆ. ಅವರು ಕೈಯನ್ನು ಇನ್ನೂ ತೆಗೆದಿರಲಿಲ್ಲ.