ಸಂಜೆಯೊಳಗೆ ತಂದುಕೊಡುತ್ತೇನೆ ಎಂದಿದ್ದೆ

ಚೆನ್ನೈ ಹೊರವಲಯದ ಆ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಕೆಲಸ ಮಾಡಿದ್ದು ಒಟ್ಟು ಹತ್ತೊಂಬತ್ತು ದಿನ. ನನ್ನ ಅನುಭವದ ಪಟ್ಟಿಯಲ್ಲಿ ಅದನ್ನು ಎಲ್ಲೂ ಬರೆದಿಲ್ಲ. ಬರೆಯುವ ಮುಖವೂ ನನಗಿಲ್ಲ.

ಗಂಡನಿಗೆ ವಿಮಾ ಕಚೇರಿಯಲ್ಲಿ ವರ್ಗವಾಗಿ ನಾವು ಮೈಸೂರಿನಿಂದ ಇಲ್ಲಿಗೆ ಬಂದಿದ್ದೆವು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ಕೋಡಂಬಾಕ್ಕಂನ ಬಾಡಿಗೆ ಮನೆಯಲ್ಲಿ ಏಳು ತಿಂಗಳು ಸುಮ್ಮನೆ ಕೂತಿದ್ದೆ. ನನಗೆ ಬೇಕಾಗಿದ್ದದ್ದು ಗಿಂಡಿಯಲ್ಲಿ ನೀರು ಪರೀಕ್ಷೆ ಮಾಡುವ ಒಂದು ಲ್ಯಾಬಿನ ಕೆಲಸ. ಎರಡು ಸುತ್ತು ಸಂದರ್ಶನ ಮಾಡಿ, ತಿಳಿಸುತ್ತೇವೆ ಎಂದು ಕಳಿಸಿದವರು ಆರು ವಾರ ಉಸಿರೆತ್ತಲಿಲ್ಲ. ಅಷ್ಟರಲ್ಲಿ ಕಾಲೇಜಿನಿಂದ ಆರ್ಡರ್ ಬಂತು. ಪಾಠ ಹೇಳುವುದೆಂದರೆ ನನಗೆ ಆಗದು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ಅರವತ್ತು ವಿದ್ಯಾರ್ಥಿಗಳ ಮುಂದೆ ನಿಲ್ಲಬಾರದು. ಆದರೂ ಒಪ್ಪಿಕೊಂಡೆ. ಲ್ಯಾಬಿನ ವಿಷಯ ಕಾಲೇಜಿಗೆ ಹೇಳಲಿಲ್ಲ, ಕಾಲೇಜಿನ ವಿಷಯ ಲ್ಯಾಬಿಗೆ ಹೇಳಲಿಲ್ಲ. ಅದು ತಪ್ಪು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ತಪ್ಪಾದದ್ದು ಆಮೇಲೆ.

ಸೇರುವ ದಿನ ಆಫೀಸಿನಲ್ಲಿ ನನ್ನ ಮಾರ್ಕ್ಸ್ ಕಾರ್ಡು, ಡಿಗ್ರಿ ಸರ್ಟಿಫಿಕೇಟುಗಳ ಒರಿಜಿನಲ್ ಕೇಳಿದರು. ಜೆರಾಕ್ಸ್ ನಡೆಯುವುದಿಲ್ಲ. ವರ್ಷದ ನಡುವೆ ಯಾರೂ ಕೆಲಸ ಬಿಟ್ಟು ಓಡದಿರಲಿ ಎಂದು ಎಲ್ಲರ ಒರಿಜಿನಲ್‌ಗಳನ್ನೂ ಕಬ್ಬಿಣದ ಬೀರುವಿನಲ್ಲಿಟ್ಟು, ಏಪ್ರಿಲ್‌ನ ಪರೀಕ್ಷೆಗಳು ಮುಗಿದ ಮೇಲೆಯೇ ಕೊಡುವುದು ಅಲ್ಲಿಯ ಪದ್ಧತಿ. ಮೈ ಉರಿಯಿತು. ಆದರೂ ಕೊಟ್ಟೆ.

ಬೀರುವಿನ ಬೀಗದಕೈ ಆಫೀಸ್ ಸೂಪರಿಂಟೆಂಡೆಂಟರ ಹತ್ತಿರ ಇರುತ್ತಿತ್ತು. ಐವತ್ತೈದು ದಾಟಿದವರು, ಶರ್ಟಿನ ಮೇಲಿನ ಗುಂಡಿಯನ್ನೂ ಹಾಕಿಕೊಳ್ಳುವ ಶಿಸ್ತಿನ ಮನುಷ್ಯ. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಮೈಸೂರು ಎಂದಿದ್ದನ್ನು ಕಂಡದ್ದೇ ಮುಖ ಅರಳಿಸಿಕೊಂಡು ಕನ್ನಡಕ್ಕಿಳಿದರು.

"ನಾವೂ ಕನ್ನಡದವ್ರೇ ಮ್ಮಾ. ತಾತ ರೈಲ್ವೇಲಿದ್ರು, ಇಲ್ಲೇ ಸೆಟ್ಲ್ ಆಗಿಬಿಟ್ವಿ. ಈಗ ಮನೇಲಿ ಮಾತಾಡೋನು ನಾನೊಬ್ನೇ. ನಾನು ಕನ್ನಡದಲ್ಲಿ ಕೇಳಿದ್ರೆ ಮಕ್ಳು ತಮಿಳಲ್ಲೇ ಬದ್ಲು ಹೇಳ್ತಾವೆ. ಎನ್ನ ಪಣ್ರದು, ಏನ್ಮಾಡೋದು ಹೇಳಿ!"

ಅಂದಿನಿಂದ ದಿನಾ ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ಅವರ ದನಿ. "ಸಾಪ್ಪಾಡು ಆಯ್ತಾ ತಂಗಿ?" ಎರಡು ನಿಮಿಷ ನಿಂತು, ಅವರ ಅಜ್ಜಿ ಹೇಳುತ್ತಿದ್ದ ಯಾವುದೋ ಮಾತನ್ನು ನೆನಪಿಸಿಕೊಂಡು ಹೇಳಿ, ಸರೀನಾ ಎಂದು ನನ್ನ ಮುಖ ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಕಿರಿಕಿರಿಯಾಗುತ್ತಿತ್ತು. ಊಟದ ಡಬ್ಬಿಯಿಂದ ಕೈ ತೆಗೆಯದೆ, ಹೂಂ ಸಾರ್, ಸರಿ ಸಾರ್ ಎಂದು ಸಾಗಹಾಕುತ್ತಿದ್ದೆ.

ಹದಿನೇಳನೆಯ ದಿನ ಲ್ಯಾಬಿನಿಂದ ಫೋನ್ ಬಂತು. ನಾಡಿದ್ದು ಮಧ್ಯಾಹ್ನ ಎರಡೂವರೆಗೆ ಕೊನೆಯ ಸುತ್ತು. ಒರಿಜಿನಲ್ ತರಲೇಬೇಕು, ಅದನ್ನು ನೋಡದೆ ಆರ್ಡರ್ ಕೊಡುವುದಿಲ್ಲ.

ಗಂಡನಿಗೆ ಹೇಳಿದೆ. "ಸರ್ಟಿಫಿಕೇಟು ನಿಂದೇ ತಾನೆ? ಕದ್ದ ಹಾಗೇನೂ ಆಗಲ್ವಲ್ಲ," ಅಂದರು. ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಸೂಪರಿಂಟೆಂಡೆಂಟರ ಮೇಜಿನ ಮುಂದೆ ನಿಂತೆ. ಪಾಸ್‌ಪೋರ್ಟ್ ಆಫೀಸಿನಲ್ಲಿ ಒರಿಜಿನಲ್ ಕೇಳಿದ್ದಾರೆ ಎಂದು ಸುಳ್ಳು ಹೇಳಿದೆ. ಅಷ್ಟು ದಿನ ಸಾರ್ ಎನ್ನುತ್ತಿದ್ದವಳು ಅಂದು ಮೊದಲ ಸಲ 'ಅಣ್ಣಾ' ಎಂದೆ. ಬಾಯಿತಪ್ಪಿ ಬಂದದ್ದಲ್ಲ. ಹಾಗೆ ಕರೆಯಬೇಕು ಎಂದು ಬಸ್ಸಿನಲ್ಲಿ ಬರುವಾಗಲೇ ತೀರ್ಮಾನ ಮಾಡಿಕೊಂಡಿದ್ದೆ.

ಬೀರುವಿನಿಂದ ಏನು ಹೊರಗೆ ಹೋಗಬೇಕಾದರೂ ಪ್ರಿನ್ಸಿಪಾಲರ ಸಹಿ ಬೇಕಿತ್ತು. ಸೂಪರಿಂಟೆಂಡೆಂಟರು ಪ್ರಿನ್ಸಿಪಾಲರ ಕೋಣೆಯ ಬಾಗಿಲನ್ನೊಮ್ಮೆ ನೋಡಿದರು. ಆಮೇಲೆ ಎದ್ದು ಬೀರು ತೆಗೆದರು.

"ಅವರ್ನ ಕೇಳಿದ್ರೆ ನೂರು ಪ್ರಶ್ನೆ. ನೀನು ತಗೊಂಡ್ಹೋಗು ತಂಗಿ. ನಾನು ಬೀರು ಮುಚ್ಚೋದ್ರೊಳಗೆ ತಂದ್ಬಿಡು, ಅಷ್ಟೇ."

"ಸಂಜೆಯೊಳಗೆ ತಂದ್ಕೊಡ್ತೀನಿ ಅಣ್ಣ."

ಮೋಡ ಕವಿದಿತ್ತು. ಮಳೆ ಬಂದರೆ ನೆನೆದೀತು ಎಂದು ತಮ್ಮ ಊಟದ ಚೀಲದೊಳಗಿನ ಪ್ಲಾಸ್ಟಿಕ್ ಕವರನ್ನು ಕೊಡವಿ, ಅದರಲ್ಲಿ ಹಾಕಿಕೊಟ್ಟರು.

ಲ್ಯಾಬಿನವರು ಅರ್ಧ ಗಂಟೆ ಮಾತಾಡಿಸಿ, ಒಂದೊಂದೇ ಕಾರ್ಡನ್ನು ತಿರುವಿ ನೋಡಿ, ಸೋಮವಾರ ಬಂದು ಸೇರಿಕೊಳ್ಳಿ ಎಂದರು. ಮೂರೂವರೆಗೆ ಗಿಂಡಿ ಸ್ಟೇಷನ್ನಿನಲ್ಲಿದ್ದೆ. ಒಂದು ಕಡೆಯ ರೈಲು ತಾಂಬರಂಗೆ, ಕಾಲೇಜಿನ ದಿಕ್ಕಿಗೆ, ಇನ್ನೊಂದು ಮನೆಗೆ. ಕವರನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತೆ. ವಾಪಸ್ ಕೊಟ್ಟರೆ ಏಪ್ರಿಲ್‌ವರೆಗೆ ಕೈಗೆ ಸಿಗುವುದಿಲ್ಲ, ಲ್ಯಾಬಿನವರು ಕಾಯುವುದಿಲ್ಲ. ಕೊಡದಿದ್ದರೆ ಆ ಮನುಷ್ಯನ ತಲೆಯ ಮೇಲೆ ಬರುತ್ತದೆ. ತಾಂಬರಂ ರೈಲು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ನಾಲ್ಕೂವರೆಗೆ ಎದ್ದು ಮನೆಯ ರೈಲು ಹತ್ತಿದೆ.

ಐದೂವರೆಗೆ ಅವರ ಫೋನ್. ಆರಕ್ಕೆ ಇನ್ನೊಂದು. ಆರೂಕಾಲಿಗೆ ಮತ್ತೊಂದು. ಬೀರು ಮುಚ್ಚದೆ ಕಾಯುತ್ತಿದ್ದಾರೆಂದು ಗೊತ್ತಿತ್ತು. ಫೋನನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಮಗುಚಿಟ್ಟು ಸೊಪ್ಪು ಸೋಸುತ್ತಾ ನಿಂತೆ. ಮಾರನೆಯ ದಿನ ರಾಜೀನಾಮೆಯನ್ನು ಮೇಲ್ ಮಾಡಿದೆ.

ಮುಂದಿನದನ್ನು ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಲೆಕ್ಚರರ್ ಫೋನಿನಲ್ಲಿ ಹೇಳಿದಳು. ಅವರು ನನ್ನ ಹೆಸರನ್ನೇ ಎತ್ತಲಿಲ್ಲವಂತೆ. ನನ್ನ ಒರಿಜಿನಲ್‌ಗಳು ಬೀರುವಿನಲ್ಲಿ ಯಾಕಿಲ್ಲ ಎಂದು ಕೇಳಿದ್ದಕ್ಕೆ, ಸೇರುವ ದಿನ ಇಸಿದುಕೊಳ್ಳಲು ತಾವೇ ಮರೆತದ್ದು ಎಂದರಂತೆ. ಮ್ಯಾನೇಜ್‌ಮೆಂಟಿನವರು ಬೀಗದಕೈ ಕಿತ್ತುಕೊಂಡು ಅವರನ್ನು ಬಸ್ ಪಾಸ್ ಕೊಡುವ ಕೌಂಟರಿಗೆ ಹಾಕಿದರು. ಕೇಳಿ ನನಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಆದರೆ ಫೋನ್ ಮಾಡಲಿಲ್ಲ. ಇವತ್ತು, ನಾಳೆ ಎನ್ನುತ್ತಾ ಮೂರು ವರ್ಷ ಕಳೆದೆ. ಬಯಸಿದ ಕೆಲಸವೇ ಸಿಕ್ಕಿತ್ತು. ರಾಯಪುರಂ ಕಡೆಯಿಂದ ಬಂದ ಬೋರ್‌ವೆಲ್ ನೀರಿನಲ್ಲಿ ಉಪ್ಪೆಷ್ಟು ಎಂದು ದಿನವಿಡೀ ಅಳೆಯುತ್ತಿದ್ದೆ. ಕೆಲಸ ಚೆನ್ನಾಗಿತ್ತು. ನಾನು ಅಂದುಕೊಂಡಿದ್ದ ಖುಷಿ ಮಾತ್ರ ಅದರಲ್ಲಿರಲಿಲ್ಲ.

ಕಳೆದ ವರ್ಷ ಗಿಂಡಿ ಸ್ಟೇಷನ್ನಿನಲ್ಲಿ ಅವರನ್ನು ಕಂಡೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೇಲಿನ ಗುಂಡಿ ಹಾಗೆಯೇ ಹಾಕಿತ್ತು.

"ಅಣ್ಣಾ," ಎಂದೆ. ಈ ಸಲ ಯೋಚಿಸಿ ಕರೆದದ್ದಲ್ಲ.

ತಿರುಗಿದರು. ಗುರುತು ಹಿಡಿದರು. "ನಲ್ಲಾ ಇರ್ಕೀಂಗಳಾ ಮೇಡಂ?" ಎಂದು ಕ್ಷೇಮ ವಿಚಾರಿಸಿದರು.

"ತಪ್ಪಾಯ್ತು ಅಣ್ಣ. ಆವತ್ತು ನಾನು ವಾಪಸ್ ಬರಬೇಕಿತ್ತು. ಬೇಕಂತಲೇ ಬರಲಿಲ್ಲ," ಎಂದೆ. ಅದೆಲ್ಲ ಯಾವತ್ತೋ ಮುಗಿದ ಕಥೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ತಮಿಳಿನಲ್ಲಿ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮಕ್ಕಳು ಹೇಗಿದ್ದಾರೆ ಎಂದು ಕೇಳಿದೆ. ಮಗಳ ಮದುವೆಯಾಯಿತು ಎಂದರು. ಈಗಲೂ ಅದೇ ಕೌಂಟರಾ ಎಂದು ಕೇಳಿದೆ. ರಿಟೈರ್ ಆಯಿತು ಎಂದರು. ಅಷ್ಟರಲ್ಲಿ ತಾಂಬರಂ ರೈಲು ಬಂತು. "ವರೇನ್ ಮೇಡಂ," ಎಂದು ತಲೆಯಾಡಿಸಿ ಹತ್ತಿಕೊಂಡರು.

ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದರು. ಒಂದು ಮಾತೂ ಕನ್ನಡದಲ್ಲಿರಲಿಲ್ಲ.